ಮನೆಯ ಮಾತು, ಪ್ರಸ್ತುತವಲ್ಲ

ಮೂರು ದಿನಗಳಿಂದ ಅವನಿಗೆ ಪ್ರತಿಯೊಂದು ಮಾತೂ ಎರಡೆರಡು ಸಲ ಕೇಳುತ್ತಿತ್ತು. ಬೆಳಿಗ್ಗೆ ಗಲ್ಲಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಹೆಂಡತಿ ಅಡುಗೆಮನೆಯಿಂದ, "ಬಿಸಿನೀರು ಆರ್ತಾ ಇದೆ" ಎಂದಳು. ಒಂದು ಕ್ಷಣ ಬಿಟ್ಟು ಅದೇ ಮಾತು ಇನ್ನೊಂದು ದನಿಯಲ್ಲಿ, ತುಸು ಎತ್ತರಕ್ಕೆ, ಬಿಡಿಸಿ ಬಿಡಿಸಿ ಬಂತು: ಬಿಸಿನೀರು ಆರ್ತಾ ಇದೆ ಅಕ್ಕಾ. ಬ್ಲೇಡು ಗಲ್ಲದ ಮೇಲೇ ನಿಂತಿತು. ಆ ದನಿ ಅಡುಗೆಮನೆಯದಲ್ಲ, ಈ ಮನೆಯದೇ ಅಲ್ಲ ಎಂದು ಅವನಿಗೆ ಗೊತ್ತಿತ್ತು. ಆ ದನಿಯ ಹೆಂಗಸು ಏಳು ತಿಂಗಳಿಂದ ಸೆರೆಮನೆಯಲ್ಲಿದ್ದಳು. ಅವನು ಅವಳನ್ನು ಒಂದು ಸಲವೂ ಕಣ್ಣಾರೆ ಕಂಡವನಲ್ಲ. ಅವಳ ಅಕ್ಕನಿಗೆ ಕಿವಿ ಮಂದ. ಹಾಗಾಗಿ ಫೋನಿನಲ್ಲಿ ಹೇಳಿದ್ದನ್ನೆಲ್ಲ ಅವಳು ಎರಡು ಸಲ ಹೇಳುತ್ತಿದ್ದಳು. ಎರಡನೆಯ ಸಲ ನಿಧಾನವಾಗಿ, ಮಗುವಿಗೆ ತುತ್ತು ಕಲಸಿ ಬಾಯಿಗಿಟ್ಟ ಹಾಗೆ. ಆ ಎರಡನೆಯ ಸಲದ ಮಾತೇ ಈಗ ಮನೆಯ ನಲ್ಲಿಯಲ್ಲಿ, ಮೆಟ್ಟಿಲಲ್ಲಿ, ಬಸ್ಸಿನ ಗಂಟೆಯಲ್ಲಿ ಸೇರಿಕೊಂಡಿತ್ತು.

ಹೆಂಡತಿ ತನ್ನ ತಾಯಿಯ ಜೊತೆ ಫೋನಿಗೆ ಕೂತಳು. ಅವನು ಎಂದಿನಂತೆ ಸ್ನಾನದ ಮನೆಯ ಬಾಗಿಲು ಎಳೆದುಕೊಂಡ. ಹೊರಗೆ ಬಂದಾಗ ಅವಳು ಟವೆಲು ಚಾಚುತ್ತ, "ನಾನು ಅಮ್ಮನ ಜೊತೆ ಮಾತಾಡೋಕೆ ಕೂತ್ರೆ ಸಾಕು, ಬಾಗಿಲು ಹಾಕ್ಕೊಂಡು ಒಳಗೆ ಸೇರ್ಕೋತೀರಲ್ಲ. ಊರವರ ಮಾತೆಲ್ಲ ಕೇಳೋ ಕಿವಿ. ನನ್ನ ಮಾತು ಕೇಳೋಕೆ ಬೇರೆ ಸಂಬಳ ಕೊಡ್ಬೇಕೇನ್ರೀ?" ಎಂದಳು. ಅವನು ನಗಲು ನೋಡಿದ. "ಇವತ್ತು ಮೂರು ಗಂಟೆಗೆ" ಎಂದು ಶುರುಮಾಡಿದ. "ಮೂರು ಗಂಟೆಗೆ ಏನು?" ಎಂದು ಅವಳು ನಿಂತಳು. ಏನೂ ಇಲ್ಲ, ಬರೋದು ತಡವಾಗಬಹುದು ಎಂದ. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, "ಗಲ್ಲದಲ್ಲಿ ರಕ್ತ ಬಂದಿದೆ, ಒರೆಸ್ಕೊಳ್ಳಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಮೂರು ಗಂಟೆಗೆ ಆ ಸೆರೆಮನೆಯ ಹೆಂಗಸಿನ ಮೊಕದ್ದಮೆಯ ಬೇಡದ ಧ್ವನಿಮುದ್ರಿಕೆಗಳನ್ನೆಲ್ಲ ಪುಡಿ ಮಾಡುವುದಿತ್ತು. ಪಟ್ಟಿಯ ಪ್ರತಿ ಹಾಳೆಯ ಕೆಳಗೆ, ನಾಶಕ್ಕೆ ಒಪ್ಪಿಗೆಯೆಂದು, ಅವನ ಸಹಿ ಬೀಳಬೇಕಿತ್ತು.

ಅಕ್ರಮ ಹಣ ಹಿಡಿಯುವ ಇಲಾಖೆಯಲ್ಲಿ ಅವನದು ಆಲಿಸುವ ಕೆಲಸ. ನ್ಯಾಯಾಲಯದ ಅಪ್ಪಣೆ ಪಡೆದು ಹಿಡಿದಿಟ್ಟ ಫೋನು ಮಾತುಗಳು ಅವನ ಮೇಜಿಗೆ ಬರುತ್ತವೆ. ಮೊಕದ್ದಮೆಗೆ ಬೇಕಾದದ್ದನ್ನು ಅವನು ಅಕ್ಷರಕ್ಕೆ ಅಕ್ಷರ ಟೈಪು ಮಾಡುತ್ತಾನೆ. ಬೇಡದ್ದರ ಮುಂದೆ 'ಮನೆಯ ಮಾತು, ಪ್ರಸ್ತುತವಲ್ಲ' ಎಂದು ಬರೆದು, ಪೂರ್ತಿ ಆಲಿಸಿದ್ದೇನೆ ಎಂದು ಪ್ರಮಾಣ ಮಾಡಿ ಸಹಿ ಹಾಕುತ್ತಾನೆ. ಹಾಗೆ ಪಕ್ಕಕ್ಕಿಟ್ಟದ್ದು ಆಮೇಲೆ ಯಾರಿಗೂ ಸಿಗುವುದಿಲ್ಲ. ಸರ್ಕಾರಿ ವಕೀಲರಿಗೂ ಇಲ್ಲ, ಆರೋಪಿಯ ವಕೀಲರಿಗೂ ಇಲ್ಲ. ಜನರ ಸಂಸಾರದ ಮಾತು ಕಚೇರಿಗಳಲ್ಲಿ ಬಿದ್ದಿರಬಾರದೆಂದು ಹೊಸ ಕಾನೂನು ಬಂದಿತ್ತು. ವಿಚಾರಣೆ ಶುರುವಾಗುವುದಕ್ಕೆ ಮುಂಚೆ ಅವನ್ನು ನಾಶ ಮಾಡಬೇಕು. ಆ ಕಾನೂನು ಬಂದ ದಿನ ಅವನಿಗೆ ಯಾವುದೋ ಹಳೆಯ ಋಣ ತೀರಿದಷ್ಟು ಸಮಾಧಾನವಾಗಿತ್ತು. ಏಕೆಂದರೆ ಈ ಕೆಲಸಕ್ಕೆ ಸೇರಿದ ಮೊದಲ ವಾರದಿಂದಲೂ ಅವನದೊಂದು ರೂಢಿ ಇತ್ತು. ಯಾರಾದರೂ ತಾಯಿಯ ಜೊತೆ, ಮಕ್ಕಳ ಜೊತೆ, ಒಡಹುಟ್ಟಿದವರ ಜೊತೆ ಸುಖದುಃಖಕ್ಕೆ ತೊಡಗಿದರೆ ಅವನು ಎರಡು ನಿಮಿಷ ಕೇಳಿ, ಇದು ಮನೆಯ ಮಾತೇ ಎಂದು ಖಾತರಿಯಾದ ಕೂಡಲೇ ಹೆಡ್‌ಫೋನು ತೆಗೆದು ಮೇಜಿನ ಮೇಲಿಡುತ್ತಿದ್ದ. ಮಾತು ತನ್ನ ಪಾಡಿಗೆ ಓಡಿ ಮುಗಿಯುತ್ತಿತ್ತು. ಅಷ್ಟರಲ್ಲಿ ಅವನು ಹಿಂದಿನ ಕರೆಗಳ ಟೈಪು ಮುಗಿಸುತ್ತಿದ್ದ. ಕಳ್ಳರ ಮಾತನ್ನು ಕದ್ದು ಕೇಳುವುದರಲ್ಲಿ ಅವನಿಗೆ ಅಳುಕಿರಲಿಲ್ಲ. ಹೆಂಗಸೊಬ್ಬಳು ತನ್ನ ಅಕ್ಕನ ಮುಂದೆ ಬಿಕ್ಕುವುದನ್ನು ಕೇಳಿದರೆ ಮಾತ್ರ ಅವನ ಕಿವಿಯ ತುದಿ ಬಿಸಿಯಾಗುತ್ತಿತ್ತು.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಆ ಬಿಸಿ ಈಗಲೂ ತಾಗಿತು. ಆರೇಳು ವರ್ಷದವನಿದ್ದಾಗ ನಡುಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದ. ಒಳಗೆ ಅಮ್ಮ, ಚಿಕ್ಕಮ್ಮನ ಕೈ ಹಿಡಿದುಕೊಂಡು, "ನಂಗೆ ಸಾಕಾಗಿದೆ ಕಣೇ" ಎನ್ನುತ್ತಿದ್ದಳು. ಬಾಗಿಲು ಕಿರುಗುಟ್ಟಿತು. ಅಮ್ಮ ಹೊರಗೆ ಬಂದು ಹೊಡೆಯಲಿಲ್ಲ, ಬಯ್ಯಲಿಲ್ಲ. ರಟ್ಟೆ ಹಿಡಿದು ಹಿತ್ತಿಲಿಗೆ ಕರೆದೊಯ್ದು, ತಣ್ಣೀರಿನಲ್ಲಿ ಅವನ ಎರಡೂ ಕಿವಿಗಳನ್ನು ತೊಳೆದಳು. ಕಿವಿಯ ಮಡಿಕೆಮಡಿಕೆಗೂ ಬೆರಳು ಹಾಕಿ, ಮಣ್ಣು ಮೆತ್ತಿದ್ದನ್ನು ತೊಳೆಯುವಂತೆ. ಆಮೇಲೆ ಸೆರಗಿನಿಂದ ಒರೆಸಿ, "ಆಟಕ್ಕೆ ಹೋಗು" ಎಂದಳು. ಅವಳಿಗೆ ಏನು ಸಾಕಾಗಿತ್ತು ಎಂದು ಅವನು ಅವತ್ತು ಕೇಳಲಿಲ್ಲ. ದೊಡ್ಡವನಾದ ಮೇಲೂ ಕೇಳಲಿಲ್ಲ. ಅವಳ ಕೊನೆಯ ಬೇನೆಯಲ್ಲಿ, ಮಂಚದ ಪಕ್ಕ ಕೂತು ಕೈ ನೀವುತ್ತಿದ್ದಾಗ ಒಂದು ಸಲ ಅವಳು, "ನಿಂಗೊಂದು ಮಾತು ಹೇಳ್ಬೇಕು" ಎಂದದ್ದುಂಟು. "ಈಗ ಬೇಡಮ್ಮ, ಸುಸ್ತಾಗತ್ತೆ" ಎಂದಿದ್ದ. ಅದೇ ಮನೆಯಲ್ಲಿ ಸಂಜೆಯ ಹೊತ್ತು ಅಪ್ಪ ಪದ್ಯ ಓದುತ್ತಿದ್ದ. ಓದು ನಡೆಯುವಾಗ ಯಾರೂ ನಡುವೆ ಏಳುವಂತಿರಲಿಲ್ಲ. ಕಾಲು ಜೋಮು ಹಿಡಿದರೂ ಹಸಿವಾದರೂ, ರಾಜನ ತಲೆ ಉರುಳುವ ಘಟ್ಟ ಬಂದು ಅಳು ಒತ್ತರಿಸಿದರೂ, ಮಂಗಳದ ಪದ್ಯ ಮುಗಿಯುವ ತನಕ ಕೂತಿರಬೇಕು. "ಅರ್ಧ ಕೇಳಿ ಎದ್ದವನು ಕೇಳದೆ ಇದ್ದವನಿಗಿಂತ ದೊಡ್ಡ ಸುಳ್ಳುಗಾರ ಆಗ್ತಾನೆ" ಎಂದು ಅಪ್ಪ ಪುಸ್ತಕದಿಂದ ತಲೆಯೆತ್ತದೆ ಗದರುತ್ತಿದ್ದ. ಅಪ್ಪ ಹೇಳಿದ್ದು ಪದ್ಯಕ್ಕೆ, ಅಮ್ಮ ತೊಳೆದದ್ದು ಮಾತಿಗೆ ಎಂದು ಅವನು ಎರಡನ್ನೂ ಬೇರೆಬೇರೆ ಗೂಡಿನಲ್ಲಿ ಇಟ್ಟುಕೊಂಡು ಐವತ್ತು ವರ್ಷ ಬದುಕಿದ್ದ.

ಮೂರು ದಿನದ ಹಿಂದೆ ನಾಶಪಟ್ಟಿಯ ನಿಮಿಷಗಳನ್ನು ಯಂತ್ರದ ನಿಮಿಷಗಳ ಜೊತೆ ತಾಳೆ ನೋಡುತ್ತಿದ್ದಾಗ ಕರೆ ಸಂಖ್ಯೆ ನಾನೂರ ಹದಿನೇಳರಲ್ಲಿ ವ್ಯತ್ಯಾಸ ಕಂಡಿತು. ಪಟ್ಟಿಯಲ್ಲಿ ಅವನು ಅಂದಾಜಿನಲ್ಲಿ ಬರೆದ ಆರು ನಿಮಿಷ, ಯಂತ್ರದಲ್ಲಿ ಹನ್ನೊಂದು. ಎಂಟನೇ ಆರೋಪಿ ತನ್ನ ಅಕ್ಕನಿಗೆ ಮಾಡಿದ ಕರೆ. ಕಚೇರಿಯಲ್ಲಿ ಎಲ್ಲರೂ ಅವಳನ್ನು 'ಎಂಟು' ಎಂದೇ ಕರೆಯುತ್ತಿದ್ದರು. ಅವಳು ಲೆಕ್ಕಪರಿಶೋಧಕನೊಬ್ಬನ ಕಚೇರಿಯಲ್ಲಿ ಕಸ ಗುಡಿಸಿ ಟೀ ಕಾಸಿಕೊಡುತ್ತಿದ್ದವಳು. ಕಾಗದದ ಮೇಲೆ ಮಾತ್ರ ನಾಲ್ಕು ಕಂಪನಿಗಳ ನಿರ್ದೇಶಕಿ. ಅವನು ಮೂರನೇ ನಿಮಿಷದಿಂದ ಹಚ್ಚಿ ಕೇಳಿದ. ಅವಳು ಹೇಳುತ್ತಿದ್ದಳು: "ವಿಮೆ ಕಾಗದ ಅಂದ್ರು ಅಕ್ಕ. ವಿಮೆ ಕಾಗದ ಅಂತ ಹೇಳಿದ್ರು. ಮೂರು ಸಲ ಸಹಿ ಹಾಕಿಸ್ಕೊಂಡ್ರು. ಮೂರು ಸಲ, ಬೇರೆಬೇರೆ ದಿನ. ಇವತ್ತು ಅಂಚೆಯವನು ಬಂದು ನಿರ್ದೇಶಕರು ಯಾರು ಅಂತ ನನ್ನ ಹೆಸರು ಕೂಗಿದ. ನಾನು ಲೋಟ ತೊಳೀತಿದ್ದೆ. ಲೋಟ ತೊಳೀತಿದ್ದೆ ಅಕ್ಕಾ. ಮೊದಲು ನಗು ಬಂತು. ಆಮೇಲೆ ಅದೇ ಲೋಟಾನ ಮತ್ತೆ ಮತ್ತೆ ತೊಳೆದೆ." ಏಳನೇ ನಿಮಿಷದ ಹತ್ತಿರ ಅವನು ಹೆಡ್‌ಫೋನನ್ನು ಕಿತ್ತು ತೆಗೆದ. ಪಟ್ಟಿಯಲ್ಲಿ ಆ ಸಾಲಿನ ಮುಂದೆ ಅವನದೇ ದುಂಡು ಅಕ್ಷರದಲ್ಲಿ 'ಮನೆಯ ಮಾತು, ಪ್ರಸ್ತುತವಲ್ಲ' ಎಂದಿತ್ತು. ಅದರ ಕೆಳಗೆ ಪ್ರಮಾಣ, ಅದರ ಕೆಳಗೆ ಸಹಿ, ಸಹಿಯ ಕೆಳಗೆ ಅವನು ಯಾವಾಗಲೂ ಇಡುವ ಎರಡು ಚುಕ್ಕೆ.

"ಏನ್ ಕಿವಿಯಣ್ಣ, ಮುಖ ನೋಡಿದ್ರೆ ನೀನೇ ಕೂತು ಕಳ್ಳಲೆಕ್ಕ ಬರೆದವನ ಥರ ಇದ್ದೀಯ" ಎಂದು ಅರಗಪ್ಪ ಬಾಗಿಲಲ್ಲೇ ಹಿಡಿದ. ವಶಪಡಿಸಿಕೊಂಡ ವಸ್ತುಗಳಿಗೆ ಅರಗು ಬಿಟ್ಟು ಮುದ್ರೆ ಒತ್ತುವ ಗುಮಾಸ್ತನಿಗೆ ಆ ಹೆಸರು ಬಿದ್ದು ಇಪ್ಪತ್ತು ವರ್ಷವಾಗಿತ್ತು. ಇವನಿಗೆ ಕಿವಿಯಣ್ಣ ಎಂಬ ಹೆಸರಿಟ್ಟವನೂ ಈ ಅರಗಪ್ಪನೇ. "ಮೂರು ಗಂಟೆಗೆ ಪುಡಿ ಮಾಡೋ ಯಂತ್ರ ಎಣ್ಣೆ ಹಾಕಿ ರೆಡಿ ಇಟ್ಟಿದ್ದೀನಿ. ಬೇಗ ಬಾ ಮಾರಾಯ, ಹೋದ ಸಲದ ಹಾಗೆ ಪ್ರತಿ ಹಾಳೆ ಮುಂದೆ ಧ್ಯಾನಕ್ಕೆ ಕೂರಬೇಡ. ನಿನ್ನ ಸಹಿಯ ಮೇಲೆ ನನ್ನ ಮುದ್ರೆ, ನನ್ನ ಮುದ್ರೆಯ ಮೇಲೆ ಮೇಡಂ ಕಣ್ಣು. ಮುಗೀತು ಸಂಸಾರ." ಅವನು ಹೂಂ ಎಂದ. ಗೋಡೆಯ ಮೇಲೆ ವರ್ಷದ ಅತಿ ವೇಗದ ಆಲಿಸುವವನೆಂದು ಅವನ ಹೆಸರಿಗೆ ಕೊಟ್ಟ ಪ್ರಶಸ್ತಿಪತ್ರ ಗಾಜಿನೊಳಗೆ ತೂಗುತ್ತಿತ್ತು. ಬೇರೆಯವರು ದಿನಕ್ಕೆ ಇಪ್ಪತ್ತು ಕರೆ ಮುಗಿಸಿದರೆ ಅವನು ಮೂವತ್ತೆರಡು. ಅಂದು ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ, ಇವರಿಗೆಲ್ಲ ಮನೆಯ ಮಾತನ್ನು ಕೊನೆತನಕ ಚಪ್ಪರಿಸಿ ಕೇಳುವ ಚಪಲ, ಅದಕ್ಕೇ ನಿಧಾನ ಎಂದು ಅವನು ಒಳಗೊಳಗೆ ಅಂದುಕೊಂಡಿದ್ದ. ಆ ಹೆಮ್ಮೆಯನ್ನು ನೆನೆದು ಈಗ ಅವನಿಗೆ ಬಾಯೊಳಗೆ ಕಹಿಯಾಯಿತು.

ಮೊಗಸಾಲೆಯ ಬೆಂಚಿನ ಮೇಲೆ ಒಬ್ಬಳು ಮುದುಕಿಯಲ್ಲದ ಮುದುಕಿ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಯ ಚೀಲ. ಅವನು ದಾಟಿ ಹೋಗುವಾಗ ಅವಳು ಎದ್ದು, "ಸ್ವಾಮಿ, ವಾಪಸು ವಸ್ತು ಕೊಡೋ ಕಿಟಕಿ ಇದೇನಾ?" ಎಂದು ಕಿವುಡರ ಎತ್ತರದ ದನಿಯಲ್ಲಿ ಕೇಳಿದಳು. ಅವನು ಕಲ್ಲಾದ. ಧ್ವನಿಮುದ್ರಿಕೆಗಳಲ್ಲಿ ಹನ್ನೊಂದು ವಾರ ದಿನಾ ಮಧ್ಯಾಹ್ನ ಊಟವಾಯ್ತೇನೇ ಎಂದು ಕೇಳುತ್ತಿದ್ದ ದನಿ ಇದು. ಮುಖ ಮಾತ್ರ ಬೇರೆ. ಅವನು ತೆಳ್ಳಗಿನವಳೊಬ್ಬಳನ್ನು ಎಣಿಸಿಕೊಂಡಿದ್ದ. ಇವಳು ದಪ್ಪ, ಕೈಯ ಗೆಣ್ಣುಗಳು ಊದಿದ್ದವು. "ಏನು ವಸ್ತು?" ಎಂದ. "ಆಂ?" ಎಂದಳು. ಏನು ವಸ್ತು ಎಂದು ಇನ್ನೊಮ್ಮೆ, ಬಿಡಿಸಿ ಹೇಳಿದ. ಹೇಳುವಾಗ ತನ್ನ ಬಾಯಲ್ಲಿ ಆ ಇನ್ನೊಬ್ಬಳ ರಾಗವೇ ಬಂದದ್ದು ಕೇಳಿ ಅವನ ಮೈ ಜುಮ್ಮೆಂದಿತು.

"ಕನ್ನಡಕ ಸ್ವಾಮಿ. ನನ್ನ ತಂಗೀದು. ಅವಳ ಕೈಚೀಲ ಹಿಡ್ಕೊಂಡು ಬಂದ್ರಲ್ಲ, ಅದರೊಳಗಿತ್ತು. ಚೀಲಕ್ಕೆ ಮುದ್ರೆ ಬಿದ್ದಿದೆ, ತೆಗೆಯೋಹಾಗಿಲ್ಲ ಅಂತಾರೆ. ಏಳು ತಿಂಗಳಿಂದ ವಾರವಾರ ಒಂದೊಂದು ಕಚೇರಿ ಅಲೀತಾ ಇದ್ದೀನಿ, ಇವತ್ತು ಇಲ್ಲಿಗೆ ಕಳಿಸಿದ್ರು. ಕನ್ನಡಕ ಏನು ತಪ್ಪು ಮಾಡಿದೆ ಹೇಳಿ? ಮುಂದಿನ ವಾರ ಅವಳ ವಿಚಾರಣೆ. ವಕೀಲರು ಕಾಗದ ಕೊಟ್ಟು ಸಹಿ ಹಾಕು ಅಂದ್ರೆ ಇವಳು ಹಾಕ್ತಾ ಇಲ್ಲವಂತೆ. ಈ ಸಲ ಓದದೆ ಹಾಕೋಲ್ಲ ಅಂತ ಹಟ. ಕನ್ನಡಕ ಇಲ್ದೆ ಹೆಂಗೆ ಓದ್ತಾಳೆ? ವಕೀಲರಿಗೂ ಸಿಟ್ಟು ಬಂದಿದೆ." ಅವಳು ನಕ್ಕಳು. ನಗುವಾಗ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅವಳು ಫೋನಲ್ಲಿ ನನಗೆ ಎಲ್ಲ ಹೇಳಿದ್ಲು ಸ್ವಾಮಿ, ವಿಮೆ ಕಾಗದ ಅಂತ ಮೋಸ ಮಾಡಿದ್ದು. ನಾನು ಎಲ್ಲರ ಹತ್ರಾನೂ ಹೇಳ್ದೆ. ಒಡಹುಟ್ಟಿದವಳ ಮಾತು ಲೆಕ್ಕಕ್ಕಿಲ್ಲ ಅಂದ್ರು. ಅದೂ ಸರಿಯೇ ಬಿಡಿ, ನಾನು ಸುಳ್ಳು ಹೇಳಲಿಕ್ಕೂ ಸಾಕು ಅವಳಿಗೋಸ್ಕರ." ಕಾವಲಿನವನು, "ಅಮ್ಮಾ, ಮೆಲ್ಲಗೆ. ಇದು ಕಚೇರಿ, ಸಂತೆಯಲ್ಲ" ಎಂದ. ಅವಳಿಗೆ ಕೇಳಿಸಲಿಲ್ಲ. ಅವನು ಕಿಟಕಿ ಅದಲ್ಲ, ಎಡಗಡೆಯದು ಎಂದು ಕೈಸನ್ನೆ ಮಾಡಿ ಒಳಗೆ ನಡೆದುಬಿಟ್ಟ. ಮೇಜಿನ ಹತ್ತಿರ ಬಂದ ಮೇಲೆ ನೆನಪಾಯಿತು: ಕಿಟಕಿ ಬಲಗಡೆ ಇತ್ತು. ತಿರುಗಿ ಹೋಗಿ ಹೇಳುವಷ್ಟು ಧೈರ್ಯವಾಗಲಿಲ್ಲ.

ಅಕ್ರಮ ಹಣದ ಕಾನೂನಿನ ಪ್ರಕಾರ ಇಂಥ ಕಾಗದದ ಕಂಪನಿಯಲ್ಲಿ ಸಹಿ ಹಾಕಿದವರಿಗೆ ಎಲ್ಲವೂ ಗೊತ್ತಿತ್ತೆಂದೇ ನ್ಯಾಯಾಲಯ ತಿಳಿಯಬೇಕು. ಗೊತ್ತಿರಲಿಲ್ಲ ಎಂದು ತೋರಿಸುವ ಹೊಣೆ ಸಹಿ ಹಾಕಿದವರದು. ಹೋದ ತಿಂಗಳು ಜಾಮೀನಿನ ದಿನ ಸರ್ಕಾರಿ ವಕೀಲರು ಇದೇ ಕೋಣೆಯಲ್ಲಿ ಕಾಫಿ ಕುಡಿಯುತ್ತ, "ಓದಿ ನೋಡದೆ ಸಹಿ ಹಾಕಿದೆ ಅಂತ ಈಗ ಅತ್ರೆ ಯಾರು ಕೇಳ್ತಾರ್ರೀ? ಓದೋದು ಅವಳ ಜವಾಬ್ದಾರಿ. ಸಹಿ ಅಂದ್ರೆ ಆಟದ ಸಾಮಾನಾ?" ಎಂದಿದ್ದರು. ಅಂದು ಅವನೂ ತಲೆಯಾಡಿಸಿದ್ದ. ತಲೆಯಾಡಿಸಿದ್ದಷ್ಟೇ ಅಲ್ಲ, "ಜನಕ್ಕೆ ಭಯವೇ ಇಲ್ಲ ಸಾರ್" ಎಂದು ಒಂದು ಮಾತನ್ನೂ ಸೇರಿಸಿದ್ದ. ಈಗ ಆ ಮಾತು ಎರಡು ಸಲ ಕೇಳಿತು. ಭಯವೇ ಇಲ್ಲ. ಜನಕ್ಕೆ ಭಯವೇ ಇಲ್ಲ ಅಕ್ಕಾ. ಮಧ್ಯಾಹ್ನ ಊಟದ ಡಬ್ಬಿ ತೆರೆದು, ಮುಚ್ಚಿ, ಅವನು ಬೆರಳು ಮಡಿಸಿ ನೋಡಿಕೊಂಡ. ಕೇಳದೆ ಕೇಳಿದೆನೆಂದು ಪ್ರಮಾಣ ಮಾಡಿದ್ದಕ್ಕೆ ಮೂರು ವರ್ಷ ಸೆರೆ. ಕೆಲಸ ಹೋಗುವುದಂತೂ ಖಂಡಿತ. ನಿವೃತ್ತಿಗೆ ಇನ್ನು ಇಪ್ಪತ್ತು ತಿಂಗಳು. ಮೂರು ಗಂಟೆಯಾದ ಮೇಲೆ ನಾನೂರ ಹದಿನೇಳು ಎಂಬುದು ಒಂದು ಹಿಡಿ ಹೊಳೆಯುವ ಪುಡಿ. ಅದನ್ನು ಕೇಳಿದವರು ಭೂಮಿಯ ಮೇಲೆ ಇಬ್ಬರೇ, ಒಬ್ಬಳ ಮಾತು ಲೆಕ್ಕಕ್ಕಿಲ್ಲ, ಇನ್ನೊಬ್ಬ ಬಾಯಿ ಬಿಡುವುದಿಲ್ಲ. ಹೊಟ್ಟೆನೋವೆಂದು ರಜೆ ಹಾಕಿ ಮನೆಗೆ ಹೋದರೂ ಆಯಿತು, ಪಕ್ಕದ ಮೇಜಿನವನು ಅವನ ಪರವಾಗಿ ಸಹಿ ಹಾಕುತ್ತಾನೆ. ಏನನ್ನೂ ಮಾಡಬೇಕಾಗಿಯೇ ಇಲ್ಲ. ಏನನ್ನೂ ಮಾಡದಿರುವುದು ಇಷ್ಟು ಸಲೀಸೆಂದು ತಿಳಿದಾಗ ಅವನು ಡಬ್ಬಿ ಬಿಟ್ಟು ಎದ್ದ. ಕೈತೊಳೆಯುವ ತೊಟ್ಟಿಯ ಹತ್ತಿರ ಹೋಗಿ ಮುಖಕ್ಕೆ ನೀರು ಎರಚಿಕೊಂಡ. ನೀರು ಕಿವಿಯೊಳಗೂ ಹೋಯಿತು. ದನಿ ನಿಲ್ಲಲಿಲ್ಲ.

ಮೂರಕ್ಕೆ ಐದು ನಿಮಿಷ ಇರುವಾಗ ಅರಗಪ್ಪ ಮೇಣದ ದೀಪ ಹಚ್ಚಿ ಅರಗಿನ ಕಡ್ಡಿ ಹಿಡಿದು ಕೂತಿದ್ದ. ಮಾತು ಮುದ್ರಿಸಿದ ತಟ್ಟೆಗಳ ಪೆಟ್ಟಿಗೆ ಯಂತ್ರದ ಬಾಯಿಯ ಪಕ್ಕದಲ್ಲಿತ್ತು. ಇನ್ನೂರ ಹನ್ನೊಂದು ಕರೆ, ಒಂಬತ್ತು ಹಾಳೆ. ಅವನು ಮೊದಲ ಹಾಳೆಯ ಕೆಳಗೆ ಪೆನ್ನು ಇಟ್ಟ. ಇಟ್ಟ ಕಡೆ ಶಾಯಿ ಚುಕ್ಕೆಯಾಗಿ ಹರಡತೊಡಗಿತು. "ಹಾಕಣ್ಣ, ಅರಗು ಗಟ್ಟಿಯಾಗ್ತಿದೆ" ಎಂದ ಅರಗಪ್ಪ. ಮತ್ತೆ, "ಏನಾಯ್ತೋ? ಮೈ ಬೆವರ್ತಾ ಇದೆಯಲ್ಲ" ಎಂದು ದನಿ ತಗ್ಗಿಸಿದ. ಆ ತಗ್ಗಿದ ದನಿಯಲ್ಲಿ ಪ್ರೀತಿಯಿತ್ತು. ಹತ್ತೊಂಬತ್ತು ವರ್ಷದಲ್ಲಿ ಅದನ್ನು ಕೇಳಿಸಿಕೊಂಡದ್ದು ಇದೇ ಮೊದಲು ಎಂದು ಅವನಿಗೆ ಅನಿಸಿತು. ಪೆನ್ನು ಮುಚ್ಚಿದ. ಪೆಟ್ಟಿಗೆಯಿಂದ ನಾನೂರ ಹದಿನೇಳು ಇದ್ದ ಮೂರನೇ ತಟ್ಟೆಯನ್ನು ತೆಗೆದುಕೊಂಡ. "ಏಯ್, ಅದನ್ನ ಮುಟ್ಟೋ ಹಾಗಿಲ್ಲ ಕಣೋ" ಎಂದು ಅರಗಪ್ಪ ಅರ್ಧ ಎದ್ದ. ಅವನು ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು ಮೇಡಂ ಅವರ ಕೋಣೆಯ ಕಡೆ ನಡೆದ. ಅವರೆಡೆಗೆ ಹೋಗುವ ಇಪ್ಪತ್ತು ಹೆಜ್ಜೆಯಲ್ಲಿ, ಬಾಗಿಲು ಹಾಕಿರಲಿ, ಅವರು ಸಭೆಗೆ ಹೋಗಿರಲಿ ಎಂದು ದೇವರನ್ನು ಬೇಡಿಕೊಂಡ. ಬಾಗಿಲು ತೆರೆದಿತ್ತು.

ಅವನ ಮೇಲಧಿಕಾರಿಯಾದ ಮೇಡಂ ಅವನಿಗಿಂತ ಹದಿನೈದು ವರ್ಷ ಚಿಕ್ಕವರು. ಅವನು ನಿಂತುಕೊಂಡೇ ಹೇಳಿದ. ತೊದಲಿದ, ಹಿಂದುಮುಂದಾಗಿ ಹೇಳಿದ, ಕಿಟಕಿ ಎಡಗಡೆ ಎಂದು ಸುಳ್ಳು ಹೇಳಿದ್ದನ್ನೂ ಹೇಳಿದ. ಅವರು ಪೆನ್ನು ಕೆಳಗಿಟ್ಟು, "ಕೂತ್ಕೊಳ್ಳಿ" ಎಂದರು. ಅವನು ಕೂರಲಿಲ್ಲ.

"ಕೂತ್ಕೊಳ್ಳಿ ಅಂದೆ. ಪೂರ್ತಿ ಕೇಳಿರಲಿಲ್ಲ, ಆದ್ರೂ ಪ್ರಮಾಣ ಮಾಡಿದ್ರಿ."

"ಹೌದು ಮೇಡಂ."

"ಯಾಕೆ?"

ಅವನು ಬಾಯಿ ತೆರೆದ. ಹಿತ್ತಿಲು, ತಣ್ಣೀರು, ಸೆರಗು ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. "ಅದು ಮನೆಯ ಮಾತು ಅಂತ" ಎಂದ.

"ಅದು ಕಾರಣ ಆಗೋದಿಲ್ಲ."

"ಆಗೋದಿಲ್ಲ ಮೇಡಂ."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಎದ್ದು ಬಾಗಿಲು ಹಾಕಿ, ತಟ್ಟೆಯನ್ನು ತಮ್ಮ ಯಂತ್ರಕ್ಕೆ ಹಾಕಿ, "ಮೊದಲಿಂದ ಕೊನೆವರೆಗೆ. ನೀವೂ ಕೇಳಿ" ಎಂದು ಎರಡನೇ ಹೆಡ್‌ಫೋನನ್ನು ಅವನ ಕಡೆ ದೂಡಿದರು.

ಊಟ ಆಯ್ತಾ ಅಕ್ಕ. ಊಟ ಆಯ್ತಾ. ಕಾಲುನೋವು ಹೇಗಿದೆ. ಎರಡು ನಿಮಿಷ. ಆಮೇಲೆ ವಿಮೆಯ ಕಾಗದ, ಲೋಟ, ಅಂಚೆಯವನು. ಮೇಡಂ ಚಕಚಕನೆ ಗುರುತು ಹಾಕಿಕೊಳ್ಳುತ್ತಿದ್ದರು. ಆರನೇ ನಿಮಿಷಕ್ಕೆ ಅವರ ಮುಖ ಸ್ವಲ್ಪ ಸಡಿಲವಾಯಿತು. ಏಳನೆಯದು ಬಂತು. ಮೂರು ದಿನದ ಹಿಂದೆ ಅವನು ಕಿತ್ತು ತೆಗೆದ ಜಾಗ. ಅಲ್ಲಿಂದ ಮುಂದೆ ಅವನಿಗೂ ಗೊತ್ತಿರಲಿಲ್ಲ. ಅತ್ತ ಕಡೆ ಉಸಿರೆಳೆದ ಸದ್ದು, ಎಲ್ಲೋ ಪಾತ್ರೆ ಬಿದ್ದ ಸದ್ದು. ಆಮೇಲೆ ಅವಳು ಹೇಳಿದಳು: "ಅಕ್ಕ, ನಾಲ್ಕನೇದು ಗೊತ್ತಿದ್ದೇ ಹಾಕ್ದೆ. ಕೇಳಿಸ್ತಾ? ನಾಲ್ಕನೇದು ಗೊತ್ತಿದ್ದೇ ಹಾಕಿದ್ದು. ಅಂಚೆಯವನು ಹೋದ ಮೇಲೆ ಸಾಹೇಬ್ರನ್ನ ಕೇಳ್ದೆ, ಇದೇನು ನನ್ನ ಹೆಸರು ಅಂತ. ಕದ ಹಾಕಿ ಇನ್ನೊಂದು ಕಾಗದ ಮುಂದಿಟ್ರು. ಇದಕ್ಕೂ ಹಾಕು, ಇಲ್ಲಾಂದ್ರೆ ನಿನ್ನ ಭಾವ ನಾಳೆಯಿಂದ ಗೋದಾಮಿನ ಕಾವಲಿಗೆ ಬರೋದು ಬೇಡ ಅಂದ್ರು. ಹಾಕ್ದೆ. ನಿನ್ನ ಮೇಲೆ ಹೊರಿಸ್ತಾ ಇಲ್ಲ ಅಕ್ಕಾ. ಹೊರಿಸ್ತಾ ಇಲ್ಲ. ಕೈ ನನ್ನದೇ. ದೇವರ ಮುಂದೆ ಗೊತ್ತಿರಲಿಲ್ಲ ಅನ್ನೋಕಾಗಲ್ಲ. ಯಾರಾದ್ರೂ ಕೇಳಿದ್ರೆ ಹೇಳ್ಬಿಡ್ತೀನಿ." ಅಕ್ಕ ಆಂ ಎಂದಳು. ಅವಳು ಮೂರನೆಯ ಸಲ ಹೇಳಲಿಲ್ಲ. "ಏನಿಲ್ಲ, ಮಾತ್ರೆ ತಗೊಂಡು ಮಲಕ್ಕೋ" ಎಂದಳು. ಹನ್ನೊಂದನೇ ನಿಮಿಷಕ್ಕೆ ಸದ್ದು ನಿಂತಿತು.

ಏಳು ತಿಂಗಳಲ್ಲಿ ಅವಳನ್ನು ಹನ್ನೆರಡು ಸಲ ಕೂರಿಸಿ ವಿಚಾರಿಸಿದ್ದರು. ಹಣ ಎಲ್ಲಿಗೆ ಹೋಯಿತು, ಯಾರು ಒಯ್ದರು ಎಂದೇ ಹನ್ನೆರಡು ಸಲವೂ. ಆ ಹಾಳೆಗಳನ್ನು ಅವನು ಓದಿದ್ದ. ನಾಲ್ಕನೆಯ ಕಾಗದದ ದಿನ ಏನಾಯಿತು ಎಂದು ಯಾರೂ ಕೇಳಿರಲಿಲ್ಲ.

ಮೇಡಂ ಹೆಡ್‌ಫೋನು ತೆಗೆದು ಕೂದಲು ಸರಿಮಾಡಿಕೊಂಡರು. ಮಾತು ಶುರುಮಾಡುವ ಮುನ್ನ ಬಾಗಿಲ ಕಡೆ ಒಮ್ಮೆ ನೋಡಿದರು. "ನೋಡಿ. ಏಳನೇ ನಿಮಿಷದ ತನಕ ಟೈಪ್ ಮಾಡಿದ್ರೆ ಮೂರು ಆರೋಪ ನಿಲ್ಲೋಲ್ಲ. ನಾಲ್ಕನೇದು ಅದರ ಜೊತೆಗೇ ಬಿದ್ದುಹೋಗತ್ತೆ. ಮನೆಗೆ ಹೋಗ್ತಾಳೆ. ಪೂರ್ತಿ ಕೊಟ್ರೆ ಮೂರು ಬಿದ್ದು ಒಂದು ಉಳಿಯತ್ತೆ. ಹೆದರಿಸಿದ್ರು ಅಂತ ಶಿಕ್ಷೆ ಕಡಿಮೆ ಆಗಬಹುದು, ಆಗದೇನೂ ಇರಬಹುದು. ಅದು ನ್ಯಾಯಾಧೀಶರಿಗೆ ಬಿಟ್ಟದ್ದು." ತಟ್ಟೆಯ ಕಡೆ ಕೈ ತೋರಿಸಿ, "ಏಳರ ಮೇಲೆ ಇರೋದು ಅಕ್ಕತಂಗಿ ಮಾತು. ಮನೆಯ ಮಾತು ಅಂತ ಬರೆದ್ರೆ ಯಾರೂ ತಪ್ಪು ಅನ್ನೋಲ್ಲ. ನಿಮ್ಮ ವಿಷಯಾನೂ, ತಾಳೆ ನೋಡುವಾಗ ಕಣ್ತಪ್ಪು ಸಿಕ್ತು, ತಕ್ಷಣ ತಿಳಿಸಿದ್ರು ಅಂತ ನಾನು ಬರೀತೀನಿ. ಯೋಚನೆ ಮಾಡಿ" ಎಂದರು. ಅವರ ದನಿಯಲ್ಲಿ ಕಪಟವಿರಲಿಲ್ಲ. ಆ ಹೆಂಗಸಿನ ಮೇಲೆ ಅವರಿಗೂ ಕರುಣೆ ಹುಟ್ಟಿತ್ತು, ಅವನ ಮೇಲೂ. ಒಳ್ಳೆಯವರೊಬ್ಬರು ಕೊಡುವ ದಾರಿಯನ್ನು ತಳ್ಳುವುದು ಎಷ್ಟು ಕಷ್ಟವೆಂದು ಅವನಿಗೆ ಈ ತನಕ ಗೊತ್ತಿರಲಿಲ್ಲ. ಬೆಂಚಿನ ಮೇಲಿನ ಊದಿದ ಗೆಣ್ಣುಗಳು ಕಣ್ಣಮುಂದೆ ಬಂದವು. ಏಳನೇ ನಿಮಿಷಕ್ಕೆ ನಿಲ್ಲಿಸಿದರೆ ಆ ಅಕ್ಕ ಮುಂದಿನ ವಾರ ತಂಗಿಯ ಕೈ ಹಿಡಿದುಕೊಂಡು ಮನೆಗೆ ಹೋಗುತ್ತಾಳೆ. ನಿಲ್ಲಿಸದಿದ್ದರೆ ಆ ಕೈಯನ್ನು ಬಿಡಿಸುವವನು ಇವನೇ. ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳಲು ಬಂದವನಿಗೆ ಪ್ರಾಯಶ್ಚಿತ್ತದ ಖರ್ಚನ್ನು ಇನ್ನೊಬ್ಬರ ಮೇಲೆ ಹಾಕುವ ಹಕ್ಕು ಎಲ್ಲಿಂದ ಬಂತು? ಆದರೆ ಆ ತಂಗಿ, ಯಾರಾದ್ರೂ ಕೇಳಿದ್ರೆ ಹೇಳ್ಬಿಡ್ತೀನಿ ಎಂದಿದ್ದಳು. ಆ ಮಾತನ್ನು ಹೇಳಲು ಅವಳು ಎಷ್ಟು ದೂರ ನಡೆದು ಬಂದಿರಬೇಕು; ಆ ಮಾತನ್ನೂ ಪಕ್ಕಕ್ಕಿಟ್ಟು ಪುಡಿಮಾಡಿದರೆ ಅವಳ ಬಾಯಿಯನ್ನು ಎರಡನೆಯ ಸಲ ಮುಚ್ಚಿದ ಹಾಗೆ. ಈ ಸಲ ಪ್ರೀತಿಯಿಂದ.

"ಅವಳು ಏಳಕ್ಕೆ ನಿಲ್ಲಿಸಲಿಲ್ಲ ಮೇಡಂ" ಎಂದ.

ಮೇಡಂ ಕೀಲಿಮಣೆಯನ್ನು ಅವನ ಕಡೆ ತಿರುಗಿಸಿದರು. ಅವನು ಟೈಪು ಮಾಡಿದ. ಅವಳು ಎರಡು ಸಲ ಹೇಳಿದ್ದನ್ನು ಎರಡು ಸಲವೇ ಹೊಡೆದ. ಪಾತ್ರೆ ಬಿದ್ದದ್ದನ್ನು, ಉಸಿರೆಳೆದದ್ದನ್ನು, ಮಾತ್ರೆ ತಗೊಂಡು ಮಲಕ್ಕೋ ಎಂದದ್ದನ್ನು. 'ಗೊತ್ತಿದ್ದೇ' ಎಂಬಲ್ಲಿ ಬೆರಳು ತಡೆದು, ಮತ್ತೆ ಇಳಿಯಿತು. ಬಿಳಿಯ ಹಾಳೆಯೊಂದರಲ್ಲಿ ಕೈಯಾರೆ ಬರೆದ: ಹಿಂದೆ ಈ ಕರೆಯನ್ನು ಎರಡು ನಿಮಿಷದ ಮೇಲೆ ನಾನು ಕೇಳಿರಲಿಲ್ಲ. ಕೇಳಿದೆನೆಂದು ಪ್ರಮಾಣ ಮಾಡಿದ್ದು ಸುಳ್ಳು. ಬರೆದು ಮುಗಿಸಿದಾಗ ಎದೆ ಹಗುರಾಗುತ್ತದೆಂದು ಕಾದ. ಆಗಲಿಲ್ಲ. ಬರೀ ಸುಸ್ತಾಗಿತ್ತು, ಬಹಳ ದೂರ ಯಾರನ್ನೋ ಹೊತ್ತು ತಂದು ತಪ್ಪು ಮನೆಯ ಮುಂದೆ ಇಳಿಸಿದ ಹಾಗೆ.

ಮೇಡಂ ಎರಡನ್ನೂ ಓದಿದರು. ಓದುತ್ತ ಓದುತ್ತ ಅವರ ಬೆರಳು ನಾಶಪಟ್ಟಿಯ ಒಂಬತ್ತು ಹಾಳೆಗಳನ್ನು ಒಂದೊಂದಾಗಿ ಮಗುಚತೊಡಗಿತು. ಹಾಳೆಯಿಂದ ಹಾಳೆಗೆ ಅದೇ ದುಂಡು ಅಕ್ಷರ, ಅದೇ ಮೂರು ಪದ, ಅದೇ ಎರಡು ಚುಕ್ಕೆ. ಅವರ ಮುಖದ ಬಣ್ಣ ಇಳಿಯಿತು. "ಇನ್ನೂರ ಹನ್ನೊಂದು ಇವೆ" ಎಂದರು, ತೀರಾ ಮೆಲ್ಲಗೆ. "ಇದೊಂದು ಮೊಕದ್ದಮೇದು. ನೀವು ಈ ಕೆಲಸಕ್ಕೆ ಬಂದು ಎಷ್ಟು ವರ್ಷ ಆಯ್ತು?"

"ಹತ್ತೊಂಬತ್ತು."

ಹೊರಗೆ ಅರಗಪ್ಪ ಬಾಗಿಲು ಬಡಿದು, ಯಂತ್ರ ಆರಿಸಲಾ ಹೇಗೆ ಎಂದು ಕೂಗಿದ. ಮೇಡಂ ಕೂತಲ್ಲಿಂದಲೇ, "ಆರಿಸಿ. ಪೆಟ್ಟಿಗೆ ಇಲ್ಲಿಗೆ ತನ್ನಿ" ಎಂದರು. ಪೆಟ್ಟಿಗೆ ಬಂತು. ಮೊದಲ ತಟ್ಟೆ, ಮೊದಲ ಸಾಲು, ಕರೆ ಸಂಖ್ಯೆ ಒಂಬತ್ತು. ಅದು ಆ ಲೆಕ್ಕಪರಿಶೋಧಕನದೇ ಫೋನು. ಅವನು ಹೆಡ್‌ಫೋನನ್ನು ಎರಡೂ ಕೈಯಿಂದ ಹಿಡಿದು ಕಿವಿಗೆ ಒತ್ತಿಕೊಂಡ. ದೂರದಲ್ಲಿ ವಾಹನಗಳ ಸದ್ದು, ಒಂದು ಕೆಮ್ಮು. ಆಮೇಲೆ ನಾಲ್ಕು ಕಾಗದಕ್ಕೆ ಸಹಿ ಹಾಕಿಸಿಕೊಂಡ ಆ ಮನುಷ್ಯ ತನ್ನ ಮಗಳಿಗೆ, ಮೋಡ ಕಟ್ಟಿದೆ ಪುಟ್ಟಿ, ನಿನ್ನ ಚೀಲದಲ್ಲಿ ಛತ್ರಿ ಇಟ್ಟಿದ್ದೀನಿ, ಮರೆತು ಬರಬೇಡ ಎಂದು ಹೇಳತೊಡಗಿದ.